ಚಲಿಸುವ ವಾಹನದಲ್ಲಿ ಕಾಯುವಿಕೆ ಇರುವುದಿಲ್ಲ

ರಾಜ್ಯದ ಸಾರ್ವಜನಿಕ ಆಸ್ಪತ್ರೆಗಳ ಬಾಗಿಲಲ್ಲಿ ಕಾಯುತ್ತಿರುವ ರೋಗಿಗಳ ಸಂಖ್ಯೆ ಸೊನ್ನೆ ಎಂದು ಆರೋಗ್ಯ ಸಚಿವರು ಶಾಸನಸಭೆಗೆ ತಿಳಿಸಿದ್ದಾರೆ. ಸಂಖ್ಯೆ ನಿಜವಾದದ್ದು. ಅದನ್ನು ಸಾಧಿಸಿದ ಬಗೆಯನ್ನು ಸಾರ್ವಜನಿಕರ ಅವಗಾಹನೆಗಾಗಿ ಇಲ್ಲಿ ವಿವರಿಸಲಾಗಿದೆ.

ಈ ರಾಜ್ಯದ ರಾಜಧಾನಿ ಪರ್ತ್‌ನಲ್ಲಿ ನೆಲೆಸಿರುವ ಮೈಸೂರಿನ ಇಂಜಿನಿಯರ್ ಬಾಲಕೃಷ್ಣ ಅವರು ಕನ್ನಡ ಬಳಗದ ಪಿಕ್‌ನಿಕ್‌ಗೆಂದು ಸ್ವಾನ್ ವ್ಯಾಲಿಗೆ ಹೋಗಿದ್ದರು. ಗೋಣಿಚೀಲದ ಓಟದಲ್ಲಿ ಹಿರಿಯರಿಗೆ ಪ್ರತ್ಯೇಕ ವಿಭಾಗವಿತ್ತು. ಆದರೂ ಅವರು ಸ್ವಾಭಿಮಾನದಿಂದ ಮುಕ್ತ ವಿಭಾಗದಲ್ಲಿ ಸ್ಪರ್ಧಿಸಿ, ದ್ರಾಕ್ಷಿ ಬಳ್ಳಿಗಳ ಬುಡದಲ್ಲಿ ಮಗುಚಿಕೊಂಡರು. ಬಲಗಾಲಿನ ಪಾದದ ಕೀಲು ನೋಡನೋಡುತ್ತಿದ್ದಂತೆ ಸೀಮೆಬದನೆಕಾಯಿಯಷ್ಟಾಯಿತು. ಮುಖ್ಯ ಅತಿಥಿಯಾಗಿ ಬಂದಿದ್ದ ಆ ಕ್ಷೇತ್ರದ ಶಾಸಕಿ, ವಿರೋಧ ಪಕ್ಷದವರು, ಅಲ್ಲಿಯೇ ಬಗ್ಗಿ ಅವರ ಕೈಗೆ ಸಮಾಧಾನಕರ ಬಹುಮಾನವನ್ನು ಕೊಟ್ಟರು.

ಆಂಬುಲೆನ್ಸ್ ಬೇಗನೆ ಬಂತು. ಓಡಿಸುತ್ತಿದ್ದವರು ತುಮಕೂರು ಕಡೆಯ ಪಂಚಾಕ್ಷರಿ. ನೋವಿನ ಮಾತ್ರೆ ಕೊಟ್ಟು, ಕಾಲನ್ನು ದಿಂಬಿನ ಮೇಲಿಟ್ಟು, ಆಸ್ಪತ್ರೆಯ ಬಾಗಿಲಿನವರೆಗೂ ತಂದು, ಅಲ್ಲಿದ್ದ ಆಂಬುಲೆನ್ಸ್‌ಗಳ ಸಾಲಿನ ಕೊನೆಯಲ್ಲಿ ನಿಲ್ಲಿಸಿದರು.

"ಇಳಿಸೋದಿಲ್ವಾ?" ಎಂದು ಕೇಳಿದರು ಬಾಲಕೃಷ್ಣರ ಪತ್ನಿ ವನಜಾ.

"ಒಳಗೆ ಬೆಡ್ ಖಾಲಿ ಆಗ್ಬೇಕು ಮೇಡಂ. ಮುಂದಿನ ಗಾಡಿಯವ್ರು ಬೆಳಿಗ್ಗೆಯಿಂದ ಇದ್ದಾರೆ. ಒಳ್ಳೆ ಜನ."

ವನಜಾ ಪಿಕ್‌ನಿಕ್‌ನಲ್ಲಿ ಉಳಿದಿದ್ದ ಪುಳಿಯೋಗರೆಯ ಡಬ್ಬಿ ತೆಗೆದು, ಮುಂದಿನ ಗಾಡಿಗೂ ಅದರ ಮುಂದಿನ ಗಾಡಿಗೂ ಹಂಚಿ ಬಂದರು. ಸಂಜೆ ಶಾಸಕಿ ಅಲ್ಲಿಗೆ ಬಂದು, ಊದಿದ ಕಾಲಿನ ಪಕ್ಕ ನಿಂತು ಫೋಟೋ ತೆಗೆಸಿಕೊಂಡು, ಮರುದಿನವೇ ಸದನದಲ್ಲಿ ಪ್ರಶ್ನೆ ಎತ್ತುವುದಾಗಿ ಮಾತು ಕೊಟ್ಟರು. ಪ್ರಶ್ನೆ ಎತ್ತಿದರೆ ಬೆಡ್ ಸಿಗುತ್ತದೆಂದು ಬಾಲಕೃಷ್ಣ ನಂಬಿದರು.

ಪ್ರಶ್ನೋತ್ತರ ವೇಳೆಯ ಪದ್ಧತಿಯನ್ನು ಇಲ್ಲಿ ಹೇಳುವುದು ಸೂಕ್ತ. ಆಳುವ ಪಕ್ಷದ ಸದಸ್ಯರು ಕೇಳಬೇಕಾದ ಪ್ರಶ್ನೆಯನ್ನು ಸಚಿವರ ಕಚೇರಿಯೇ ಬರೆದುಕೊಡುತ್ತದೆ. ಇದರಿಂದ ಪ್ರಶ್ನೆಯು ಉತ್ತರಕ್ಕೆ ಅಚ್ಚುಕಟ್ಟಾಗಿ ಹೊಂದುತ್ತದೆ. ವಿರೋಧ ಪಕ್ಷದವರು ತಮ್ಮ ಪ್ರಶ್ನೆಗಳನ್ನು ತಾವೇ ಬರೆದುಕೊಳ್ಳಬೇಕು. ಅವು ಉತ್ತರಕ್ಕೆ ಹೊಂದದೆ ಹೋದರೆ ಸಚಿವರು ಜವಾಬ್ದಾರರಲ್ಲ.

ಅಂದು ಮೊದಲಿಗೆ ಆಳುವ ಪಕ್ಷದ ಸದಸ್ಯರೊಬ್ಬರು, "ಮಾನ್ಯ ಸಚಿವರು ಇಷ್ಟು ಚೆನ್ನಾಗಿ ಹೇಗೆ ಕೆಲಸ ಮಾಡುತ್ತಾರೆ ಎಂಬುದನ್ನು ಸದನಕ್ಕೆ ವಿವರಿಸುವರೇ?" ಎಂದು ಕಟುವಾಗಿ ಪ್ರಶ್ನಿಸಿದರು. ಸಚಿವರು ಏನನ್ನೂ ಮುಚ್ಚಿಡದೆ ವಿವರಿಸಿದರು. ಆಮೇಲೆ ಶಾಸಕಿಯ ಸರದಿ ಬಂತು.

"ಆಸ್ಪತ್ರೆಯ ಬಾಗಿಲಲ್ಲಿ ಎಷ್ಟು ರೋಗಿಗಳು ಆಂಬುಲೆನ್ಸ್‌ಗಳಲ್ಲಿ ಕಾಯುತ್ತಿದ್ದಾರೆ?"

"ಯಾರೂ ಇಲ್ಲ," ಎಂದರು ಸಚಿವರು. "ಆಂಬುಲೆನ್ಸ್‌ನಲ್ಲಿ ಇರುವವರು ಪ್ರಯಾಣದಲ್ಲಿದ್ದಾರೆ. ಪ್ರಯಾಣದಲ್ಲಿ ಇರುವವರನ್ನು ಕಾಯುತ್ತಿದ್ದಾರೆ ಎನ್ನುವುದು ಅವರಿಗೆ ಮಾಡುವ ಅವಮಾನ."

"ಆದರೆ ವಾಹನ ನಿಂತೇ ಇದೆಯಲ್ಲ?"

ಸಚಿವರು ಅಧಿಕಾರಿಗಳತ್ತ ನೋಡಿದರು. ಅಧಿಕಾರಿಗಳು ತಲೆಯಾಡಿಸಿದರು. "ಮಾನ್ಯ ಸದಸ್ಯೆ ಒಂದು ಲೋಪವನ್ನು ಗಮನಕ್ಕೆ ತಂದಿದ್ದಾರೆ. ಕೂಡಲೇ ಸರಿಪಡಿಸಲಾಗುವುದು."

ಮಾತಿನಂತೆ ಸಂಜೆಯೊಳಗೆ ಸುತ್ತೋಲೆ ಹೊರಬಿತ್ತು:

"ರೋಗಿಗಳಿರುವ ಯಾವುದೇ ಆಂಬುಲೆನ್ಸ್ ಆಸ್ಪತ್ರೆಯ ಬಾಗಿಲಲ್ಲಿ ನಿಲ್ಲತಕ್ಕದ್ದಲ್ಲ. ಹಾಸಿಗೆ ಖಾಲಿಯಾಗುವವರೆಗೆ ಆಸ್ಪತ್ರೆಯ ಸುತ್ತ, ನಡಿಗೆಯ ವೇಗದಲ್ಲಿ, ಸದಾ ಎಡಕ್ಕೆ ತಿರುಗುತ್ತಾ ಚಲಿಸುತ್ತಿರತಕ್ಕದ್ದು. ಚಲಿಸುವ ವಾಹನದಲ್ಲಿ ಕಾಯುವಿಕೆ ಇರುವುದಿಲ್ಲ."

ಪಂಚಾಕ್ಷರಿ ಅದನ್ನು ಓದಿ ಗಾಡಿ ಶುರುಮಾಡಿದರು. ಗಾಡಿ ಅಲುಗಿದ್ದು ಕಂಡು ಬಾಲಕೃಷ್ಣರ ಮುಖ ಅರಳಿತು. "ಬಂತು ನೋಡು ನಮ್ಮ ಟರ್ನ್," ಎಂದರು. ಬಾಗಿಲು ಹತ್ತಿರ ಬಂತು, ಎದುರಿಗೆ ಬಂತು, ಹಿಂದಕ್ಕೆ ಹೋಯಿತು.

ಕೆಲವು ಸುತ್ತುಗಳಾದ ಮೇಲೆ ವನಜಾ ಹೇಳಿದರು: "ದೇವಸ್ಥಾನದಲ್ಲಾದ್ರೆ ಸುತ್ತಿದ ಮೇಲೆ ಒಳಗಾದ್ರೂ ಬಿಡ್ತಾರೆ."

"ಅದೂ ಅಪ್ರದಕ್ಷಿಣೆ ಹಾಕಿಸ್ತಿದಾರೆ," ಎಂದರು ಬಾಲಕೃಷ್ಣ. "ಪುಣ್ಯಾನೂ ಬರಲ್ಲ."

ಶಾಸಕಿ ಸುಮ್ಮನಿರಲಿಲ್ಲ. ಸುತ್ತುತ್ತಿರುವ ರೋಗಿಗಳ ಸಂಖ್ಯೆ ಎಷ್ಟೆಂದು ಮತ್ತೆ ಕೇಳಿದರು. ಚಲಿಸುವ ವಾಹನವು ತಮ್ಮ ಖಾತೆಗೆ ಬರುವುದಿಲ್ಲ, ಸಾರಿಗೆ ಸಚಿವರನ್ನು ಕೇಳಬೇಕು ಎಂದು ಆರೋಗ್ಯ ಸಚಿವರು ವಿನಯದಿಂದ ತಿಳಿಸಿದರು. ಸಾರಿಗೆ ಸಚಿವರು ಎದ್ದು ನಿಂತು, ನಿಗದಿತ ಮಾರ್ಗದಲ್ಲಿ ಬಿಡುವಿಲ್ಲದೆ ಸುತ್ತುವ ವಾಹನವನ್ನು ತಮ್ಮ ಇಲಾಖೆ ಬಸ್ಸೆಂದು ಕರೆಯುತ್ತದೆ ಎಂದರು. ಸದಸ್ಯೆ ಪರೋಕ್ಷವಾಗಿ ಹೊಸ ಬಸ್ ಮಾರ್ಗಕ್ಕೆ ಬೇಡಿಕೆ ಇಟ್ಟಿರುವುದಾಗಿ ಭಾವಿಸಿ, ಅದನ್ನು ಅಲ್ಲಿಯೇ ಮಂಜೂರು ಮಾಡಿದರು.

ಮಾರ್ಗಕ್ಕೆ ನಂಬರ್ ಬಂತು. ರೈಲು ನಿಲ್ದಾಣದ ಬಳಿ, ಶಾಪಿಂಗ್ ಸೆಂಟರ್ ಬಳಿ, ವೆಲ್ಷ್‌ಪೂಲ್‌ನ ಗೋದಾಮುಗಳ ಬಳಿ, ಆಸ್ಪತ್ರೆ ಸಿಬ್ಬಂದಿಯ ಹಿಂಬಾಗಿಲಿನ ಬಳಿ ಸ್ಟಾಪ್‌ಗಳು ಬಂದವು. ತುರ್ತು ಚಿಕಿತ್ಸಾ ಘಟಕದ ಬಾಗಿಲಲ್ಲಿ ಮಾತ್ರ ಸ್ಟಾಪ್ ಇಡಲಿಲ್ಲ. ಅಲ್ಲಿ ನಿಂತರೆ ಅದು ಕಾಯುವಿಕೆಯಾಗುತ್ತದೆ.

ಮೊದಲ ದಿನ ಹತ್ತಿದವನು ವರುಣ್, ದಾವಣಗೆರೆಯಿಂದ ಓದಲು ಬಂದು ಗೋದಾಮಿನಲ್ಲಿ ಪಾರ್ಟ್ ಟೈಮ್ ಕೆಲಸ ಮಾಡುವ ವಿದ್ಯಾರ್ಥಿ. ಸ್ಟ್ರೆಚರ್‌ನ ತುದಿಯಲ್ಲಿ ಜಾಗ ನೋಡಿದ.

"ಅಂಕಲ್, ಸ್ವಲ್ಪ ಕಾಲು ಸರಿಸ್ತೀರಾ?"

"ಅದೇ ಕಾಲಪ್ಪ ಮುರಿದಿರೋದು."

"ಓ, ಸಾರಿ ಅಂಕಲ್. ಹಾಗಾದ್ರೆ ಇನ್ನೊಂದನ್ನ ಸರಿಸಿ."

ಬಾಲಕೃಷ್ಣ ಇನ್ನೊಂದನ್ನು ಸರಿಸಿದರು. ವರುಣ್ ಕುಳಿತು ನೆಮ್ಮದಿಯ ಉಸಿರು ಬಿಟ್ಟ. "ಮುಂಚೆ ಎರಡು ಬಸ್ ಚೇಂಜ್ ಮಾಡ್ಬೇಕಿತ್ತು ಆಂಟಿ. ಈಗ ಡೈರೆಕ್ಟ್. ಗವರ್ನಮೆಂಟ್‌ನ ಜನ ಸುಮ್ನೆ ಬೈತಾರೆ."

ಅಡಿಲೇಡ್‌ನಲ್ಲಿರುವ ಮಗಳು ಅಪೂರ್ವ ಫೋನ್ ಮಾಡಿದಳು. "ಅಪ್ಪನ ಕಾಲು ಹೇಗಿದೆ ಅಂತ ಕೇಳೇ," ಎಂದು ವನಜಾ ಫೋನನ್ನು ಗಂಡನ ಕಿವಿಗಿಟ್ಟರು. "ಡ್ಯಾಡ್, ಆರ್ ಯೂ ಇನ್ಸೈಡ್ ಯೆಟ್?" ಎಂದು ಕೇಳಿಸಿತು. "ಬಸ್ ಒಳಗಿದೀನಿ ಪುಟ್ಟ," ಎಂದರು ಬಾಲಕೃಷ್ಣ. ಆ ಹೊತ್ತಿಗೆ ಕಾಲು ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು. ಬೆರಳುಗಳು ಅಲುಗಲು ಒಪ್ಪುತ್ತಿರಲಿಲ್ಲ.

ಸಿಬ್ಬಂದಿಯ ಸ್ಟಾಪ್‌ನಲ್ಲಿ ಡಾಕ್ಟರ್ ಮಧುರಾ ಹತ್ತಿದರು. ಡ್ಯೂಟಿ ಮುಗಿಸಿ ಮನೆಗೆ ಹೊರಟಿದ್ದವರು ಸ್ಟ್ರೆಚರ್ ನೋಡಿ ನಿಂತರು, ಕಾಲನ್ನು ಮುಟ್ಟಿ ನೋಡಿದರು.

"ಅಂಕಲ್, ಇದು ಮುರಿದಿರೋ ಹಾಗಿದೆ. ಹೀಗೇ ಬಿಟ್ರೆ ಸೊಟ್ಟ ಕೂಡಿಕೊಳ್ಳುತ್ತೆ. ಒಳಗೆ ಯಾಕೆ ಬರ್ಲಿಲ್ಲ?"

"ಬೆಡ್ ಇಲ್ವಂತಲ್ಲಮ್ಮ."

"ಎಲ್ಲಾ ಖಾಲಿ ಬಿದ್ದಿವೆ. ಇವತ್ತು ಒಬ್ಬ ಪೇಷಂಟೂ ಬರ್ಲಿಲ್ಲ. ನಾನು, ನರ್ಸ್‌ಗಳು ಕೂತು ಪದಬಂಧ ಬಿಡಿಸ್ತಿದ್ವಿ."

ಎಲ್ಲರೂ ಪಂಚಾಕ್ಷರಿಯ ಕಡೆ ನೋಡಿದರು. "ಬೆಡ್ ಇರ್ಬಹುದು ಡಾಕ್ಟ್ರೇ. ಹಿಂಬಾಗಿಲು ಸಿಬ್ಬಂದಿಗೆ ಮಾತ್ರ. ಪೇಷಂಟನ್ನ ಇಳಿಸ್ಬೇಕಂದ್ರೆ ತುರ್ತು ಬಾಗಿಲಲ್ಲೇ ನಿಲ್ಲಿಸ್ಬೇಕು. ನಿಲ್ಲಿಸಿದ್ರೆ ಕಾದ ಹಾಗೆ. ಕಾದ್ರೆ ಸಚಿವರು ಸದನದಲ್ಲಿ ಸುಳ್ಳು ಹೇಳಿದ ಹಾಗೆ. ನನ್ನಿಂದ ಅಷ್ಟು ದೊಡ್ಡೋರಿಗೆ ಕೆಟ್ಟ ಹೆಸರು ಬೇಡ."

"ಹಾಗಾದ್ರೆ ಬಾಗಿಲ ಹತ್ರ ಸ್ಲೋ ಮಾಡಿ, ನಾನೇ ಹಾರಿಬಿಡ್ತೀನಿ," ಎಂದರು ಬಾಲಕೃಷ್ಣ.

"ಚಲಿಸೋ ಬಸ್ಸಿಂದ ಇಳಿಯೋ ಹಾಗಿಲ್ಲ ಸರ್. ಕಾಲು ಮುರಿಯುತ್ತೆ."

ಮಧುರಾ ಮುಂದಿನ ಸುತ್ತಿನಲ್ಲಿ ಸಿಬ್ಬಂದಿಯ ಸ್ಟಾಪ್‌ನಲ್ಲಿ ಇಳಿದು, ಅದರ ಮುಂದಿನ ಸುತ್ತಿಗೆ ಚಕ್ರದ ಎಕ್ಸ್-ರೇ ಯಂತ್ರವನ್ನೂ ಪ್ಲಾಸ್ಟರ್ ಸಾಮಾನುಗಳನ್ನೂ ತಳ್ಳಿಕೊಂಡು ಬಂದು ಹತ್ತಿದರು. ಯಂತ್ರಕ್ಕೂ ಟಿಕೆಟ್ ಬೇಕೇ ಎಂಬ ಬಗ್ಗೆ ಸ್ವಲ್ಪ ಚರ್ಚೆಯಾಗಿ, ಅದನ್ನು ಮಗುವಿನ ಗಾಡಿ ಎಂದು ಪರಿಗಣಿಸಲಾಯಿತು. ಪ್ರಯಾಣಿಕರು ಅಡ್ಜಸ್ಟ್ ಮಾಡಿಕೊಂಡು ಹಿಂದಕ್ಕೆ ಸರಿದರು. ವರುಣ್ ತನ್ನ ಸ್ಟಾಪ್ ಬಿಟ್ಟು ಕಾಲನ್ನು ಎತ್ತಿ ಹಿಡಿದ. ರಸ್ತೆಯ ಉಬ್ಬು ಬಂದಾಗಲೆಲ್ಲ ಪಂಚಾಕ್ಷರಿ "ಡಾಕ್ಟ್ರೇ, ಹಂಪ್" ಎಂದು ಎಚ್ಚರಿಸಿದರು. ಮೂಳೆ ನೆಟ್ಟಗೆ ಕೂತಿತು. ಪ್ಲಾಸ್ಟರ್ ಒಣಗಿತು. ಬಾಲಕೃಷ್ಣ ಶಾಪಿಂಗ್ ಸೆಂಟರ್ ಬಳಿ ಊರುಗೋಲಿನ ಮೇಲೆ ಇಳಿದು, ಟ್ಯಾಕ್ಸಿ ಹಿಡಿದು ಮನೆಗೆ ಹೋದರು.

ಈ ಸಾಧನೆಯನ್ನು ಆರೋಗ್ಯ ಸಚಿವರು "ಆಸನದ ಬಳಿಗೇ ಆರೋಗ್ಯ" ಎಂಬ ಹೆಸರಿನಲ್ಲಿ ಸದನದ ಮುಂದಿಟ್ಟರು. ವೈದ್ಯರೆಲ್ಲರನ್ನೂ ಬಸ್ಸುಗಳಿಗೆ ನಿಯೋಜಿಸಲಾಯಿತು. ಅಧ್ಯಯನಕ್ಕೆಂದು ಎರಡು ತಂಡಗಳು ಬಂದವು. ಅಡಿಲೇಡ್‌ನವರು ಟ್ರಾಮ್‌ನಲ್ಲಿ ಇದು ಸಾಧ್ಯವೇ ಎಂದೂ, ಬ್ರಿಸ್ಬೇನ್‌ನವರು ನದಿಯ ದೋಣಿಗಳಲ್ಲಿ ಹೆರಿಗೆ ಮಾಡಿಸಬಹುದೇ ಎಂದೂ ವಿಚಾರಿಸಿಕೊಂಡು ಹೋದರು.

ಶಾಸಕಿ ಕೊನೆಯದಾಗಿ ಒಂದು ಪ್ರಶ್ನೆ ಕೇಳಿದರು. "ಚಿಕಿತ್ಸೆಯೆಲ್ಲ ಬಸ್ಸಿನಲ್ಲೇ ನಡೆಯುವುದಾದರೆ ಆಸ್ಪತ್ರೆಯ ಕಟ್ಟಡ ಯಾವ ಉದ್ದೇಶಕ್ಕೆ?"

"ಸುತ್ತುವುದಕ್ಕೆ ನಡುವೆ ಏನಾದರೂ ಇರಬೇಕು," ಎಂದರು ಸಚಿವರು.

ನೇರವಾದ ಉತ್ತರ ಸಿಕ್ಕಿದ್ದು ಇದೇ ಮೊದಲಾದ್ದರಿಂದ ಶಾಸಕಿ ಧನ್ಯವಾದ ಹೇಳಿ ಕುಳಿತರು.

ಪ್ಲಾಸ್ಟರ್ ತೆಗೆಸುವ ದಿನ ಬಾಲಕೃಷ್ಣ ದಂಪತಿ ರೈಲು ನಿಲ್ದಾಣದ ಬಳಿ ಬಸ್ಸಿಗೆ ನಿಂತಿದ್ದರು. ಪಕ್ಕದಲ್ಲಿದ್ದ ಹೊಸಬರೊಬ್ಬರು, ಹೇಗೂ ನಡೆಯುವಂತಾಗಿದೆಯಲ್ಲ, ಸೀದಾ ಆಸ್ಪತ್ರೆಯ ಒಳಗೇ ಹೋಗಬಹುದಿತ್ತಲ್ಲ ಎಂದು ಕೇಳಿದರು.

"ಒಳಗಾ?" ಎಂದರು ವನಜಾ. "ಅಲ್ಲಿ ಯಾರಿರ್ತಾರೆ?"