ಮಧ್ಯೆ ಸ್ಟಾಪಿಲ್ಲ

ಸಾಮ್ರಾಜ್ಯಗಳು ಉರುಳಿದ್ದು, ದಂಡಯಾತ್ರೆಗಳು ನಡುದಾರಿಯಲ್ಲಿ ನಿಂತುಹೋದದ್ದು ಎಂತೆಂಥ ಕಾರಣಗಳಿಂದ ಎಂದು ಚರಿತ್ರೆಯ ಪುಸ್ತಕಗಳು ಪಟ್ಟಿ ಕೊಡುತ್ತವೆ. ಶನಿವಾರ ಬೆಳಿಗ್ಗೆ ಏಳೂಕಾಲಕ್ಕೆ ಪ್ರಾಣ ಬಿಟ್ಟ ಒಂದು ಸ್ಟಾರ್ಟರ್ ಮೋಟಾರಿನ ಹೆಸರು ಆ ಪಟ್ಟಿಯಲ್ಲಿಲ್ಲ. ಇದು ಚರಿತ್ರೆಯ ಮೇಷ್ಟ್ರುಗಳ ಪಕ್ಷಪಾತವೆಂದು ನಮ್ಮ ಭೂಗೋಳದ ಮೇಷ್ಟ್ರು ಇಂದಿಗೂ ನಂಬಿದ್ದಾರೆ.

ಮೇಷ್ಟ್ರು ಇಪ್ಪತ್ತಾರು ವರ್ಷ ಏಳನೇ ತರಗತಿಗೆ ಕಡಲಿನ ಪಾಠ ಹೇಳಿದವರು. ನೀಲಿ ಸೀಮೆಸುಣ್ಣವನ್ನು ಅಡ್ಡ ಹಿಡಿದು ಅವರು ಬೋರ್ಡಿನ ಮೇಲೆ ಅಲೆ ಎಬ್ಬಿಸಿದರೆ ಮೊದಲ ಬೆಂಚಿನವರು ಕಾಲು ಮೇಲೆತ್ತಿಕೊಳ್ಳುತ್ತಿದ್ದರಂತೆ. ಪ್ರತಿ ವರ್ಷವೂ ಯಾರಾದರೊಬ್ಬರು, "ಸಾರ್, ನೀವು ಕಡಲು ನೋಡಿದೀರಾ?" ಎಂದು ಕೇಳುವರು. ಮೇಷ್ಟ್ರು "ಹೂಂ" ಎಂದು ಬೋರ್ಡಿನ ಕಡೆ ತಿರುಗುವರು.

ನೋಡಿರಲಿಲ್ಲ. ಕಡಲು ಮುನ್ನೂರ ಹತ್ತು ಕಿಲೋಮೀಟರ್ ದೂರ. ಆ ಕಡೆ ರೈಲಿಲ್ಲ. ಬಸ್ಸು ಹತ್ತಿದರೆ ಮೂರನೇ ಸ್ಟಾಪಿಗೇ ಮೇಷ್ಟ್ರ ಹೊಟ್ಟೆ ತೊಳಸುತ್ತಿತ್ತು. ಅದಕ್ಕೆಂದೇ ಹನ್ನೆರಡು ವರ್ಷದ ಹಿಂದೆ ಒಂದು ಹಳೆಯ ವ್ಯಾನು ಕೊಂಡರು. ಅಂದಿನಿಂದ ವ್ಯಾನಿನ ಹೊಟ್ಟೆಯೇ ಸರಿಯಿಲ್ಲ.

ಬರುವ ಸೋಮವಾರ ಅವರ ಕೊನೆಯ ಕಡಲಿನ ಪಾಠ. ತಿಂಗಳ ಕೊನೆಗೆ ನಿವೃತ್ತಿ. ಒಂದು ಸಲ, ಒಂದೇ ಒಂದು ಸಲ, ಆ "ಹೂಂ" ನಿಜವಾಗಬೇಕಿತ್ತು.

ಟ್ಯಾಂಕು ತುಂಬಿತ್ತು, ಬುತ್ತಿ, ಚಾಪೆ, ಫ್ಲಾಸ್ಕು ಒಳಗೆ ಸೇರಿದ್ದವು. ಸ್ಟಿಯರಿಂಗ್ ಮುಂದೆ ಹೆಂಡತಿ ಕೂತಿದ್ದರು. ಲೈಸೆನ್ಸು ಅವರದೇ, ಮೇಷ್ಟ್ರು ಪರೀಕ್ಷೆಯಲ್ಲಿ ಮೂರು ಸಲವೂ ಎಂಟು ಬರೆಯಲು ಹೋಗಿ ಒಂಬತ್ತು ಬರೆದಿದ್ದರು. ಕೀ ತಿರುಗಿಸಿದರೆ "ಕಟಕ್" ಎಂದಿತು. ಆಮೇಲೆ ಅದೂ ಇಲ್ಲ.

"ರೀ, ನಾನೇನೂ ಮಾಡಿಲ್ಲ."

"ನೀನು ಮಾಡೋದೇನೂ ಬೇಡ ಕಣೇ, ಅದಕ್ಕೆ ತಾನೇ ಕೆಡೋದು ಗೊತ್ತು."

ಆ "ಕಟಕ್" ಬೀದಿಗೆಲ್ಲ ಕರೆಗಂಟೆಯಂತೆ ಕೇಳಿಸಿತು. ಎದುರುಮನೆಯ ಕಂಡಕ್ಟರು ಓಡಿಬಂದರು. ಬಸ್ಸಿನ ಕೆಲಸ ಬಿಟ್ಟು ಮೂರು ವರ್ಷವಾಗಿದ್ದರೂ ಅವರ ಕೊರಳಿನ ಸೀಟಿ ಇಳಿದಿರಲಿಲ್ಲ. ಪಕ್ಕದ ಮನೆಯ ಟೈಲರಮ್ಮ ಬಾನೆಟ್ಟಿನೊಳಗೆ ಇಣುಕಿ, "ಅಯ್ಯೋ, ಬೆಲ್ಟು ಹರಿದಿದೆ!" ಎಂದು ಸೂಜಿ ತಂದು ಚೀಲ ಹೊಲಿಯುವ ದಾರದಲ್ಲಿ ಮೂರು ಸುತ್ತು ಹೊಲಿದರು. "ಎಂಜಿನ್ ಕಳಚಿಬಿದ್ರೂ ನನ್ನ ಹೊಲಿಗೆ ಬಿಚ್ಚಲ್ಲ ಮೇಷ್ಟ್ರೇ."

ಕೊನೆಗೆ ಮೆಕ್ಯಾನಿಕ್ ಬಂದ. ಗಂಟೆಗಟ್ಟಲೆ ಕೆಳಗೆ ಮಲಗಿ, ಬಿಚ್ಚಿ, ಮತ್ತೆ ಜೋಡಿಸಿ, ಎರಡು ಬೋಲ್ಟು ಹಿಡಿದು ಹೊರಬಂದ. "ಇವು ಹೆಚ್ಚಾದವು," ಎಂದ, ಬಡಿಸಿ ಮಿಕ್ಕ ಅನ್ನದ ಬಗ್ಗೆ ಹೇಳುವಂತೆ. "ಸ್ಟಾರ್ಟರ್ ಹೋಗಿದೆ. ಹೊಸದು ಬುಧವಾರ ಬರುತ್ತೆ."

"ಸೋಮವಾರ ಪಾಠ ಇದೆಯಲ್ಲಪ್ಪ!"

"ಹಾಗಾದ್ರೆ ಇಳಿಜಾರಲ್ಲಿ ತಳ್ಳಿ ಸ್ಟಾರ್ಟ್ ಮಾಡಿ. ಆದ್ರೆ ಒಂದ್ಸಲ ಶುರುವಾದ್ಮೇಲೆ ಆಕ್ಸಿಲೇಟರಿಂದ ಕಾಲು ಎತ್ತಬಾರದು. ಎತ್ತಿದ್ರೆ ಕೆಮ್ಮಿ ಆಫ್ ಆಗುತ್ತೆ."

ಮೇಷ್ಟ್ರು ಹೆಂಡತಿಯ ಕಡೆ ತಿರುಗಿದರು. "ಏನು ಹೇಳಿದ?"

"ಕಾಲು ಎತ್ತಬಾರದು."

"ನಾನೇ ಬಂದು ಹೇಳಿದ್ರೂ?"

"ನೀವೇ ಬಂದು ಹೇಳಿದ್ರೂ ಎತ್ತಬಾರದು."

ಪಾಠ ಒಪ್ಪಿಸಿದ ರೀತಿಗೆ ಮೇಷ್ಟ್ರು ಮನಸ್ಸಿನಲ್ಲೇ ಪೂರ್ತಿ ಅಂಕ ಕೊಟ್ಟರು.

"ಇನ್ನೊಂದು," ಎಂದ ಮೆಕ್ಯಾನಿಕ್. "ಹಿಂದಿನ ಸ್ಪ್ರಿಂಗು ಗಟ್ಟಿ ಇದೆಯಾ ಅಂತ ಖಾಲಿ ಗಾಡೀಲಿ ಗೊತ್ತಾಗಲ್ಲ. ಜನ ಕೂರಿಸಿ ಬೀದಿ ಸುತ್ತ ಒಂದು ರೌಂಡ್ ಹೊಡೀರಿ."

ಜನಕ್ಕೇನು ಬರ? ಕಂಡಕ್ಟರು ಬಾಗಿಲಲ್ಲಿ ನಿಂತು, "ಒಳಗ್ ಹೋಗಿ, ಒಳಗ್ ಹೋಗಿ, ಹಿಂದೆ ಜಾಗ ಇದೆ" ಎಂದು ಟೈಲರಮ್ಮ ಸೇರಿ ಏಳು ಜನರನ್ನು ತುಂಬಿದರು. ಹ್ಯಾಂಡ್‌ಬ್ರೇಕು ಕೆಟ್ಟು ವರ್ಷಗಳಾಗಿದ್ದರಿಂದ ಹಿಂದಿನ ಚಕ್ರಕ್ಕೆ ಒಂದು ಕಲ್ಲು ಕೊಟ್ಟಿತ್ತು. ಅದನ್ನು ತೆಗೆಯುವ ಕೆಲಸ ಮಾಲೀಕರಿಗೇ ಬಂತು.

ಮೇಷ್ಟ್ರು ಕಲ್ಲು ಎತ್ತಿದರು. ವ್ಯಾನು ಜಾರಿತು, ಸೀನಿತು, ಗುಡುಗಿತು.

"ಶುರುವಾಯ್ತು! ಎತ್ತಬೇಡ! ಕಾಲು ಎತ್ತಬೇಡ!" ಮೇಷ್ಟ್ರು ಕಲ್ಲು ಅಪ್ಪಿಕೊಂಡೇ ಕುಣಿದರು.

ಬೀದಿಯ ಕೊನೆಯಲ್ಲಿ ವ್ಯಾನು ಎಡಕ್ಕೆ ತಿರುಗಬೇಕಿತ್ತು. ಅಲ್ಲಿ ನೀರಿನ ಪೈಪಿಗಾಗಿ ಆ ಬೆಳಿಗ್ಗೆಯೇ ರಸ್ತೆ ಅಗೆದಿದ್ದರು. ಉಳಿದದ್ದು ಕಡಲಿನ ಕಡೆಗೆ ಹೋಗುವ ಹೆದ್ದಾರಿ ಒಂದೇ. ವ್ಯಾನು ಹೆದ್ದಾರಿಗೆ ಬಿತ್ತು.

"ನಿಲ್ಲಿಸಿ! ನಾನು ಹತ್ತಬೇಕು!" ಮೇಷ್ಟ್ರು ಓಡಿದರು.

ಕಂಡಕ್ಟರು ಬಾಗಿಲಿಂದ ತಲೆ ಹೊರಹಾಕಿದರು. ಮೂವತ್ತು ವರ್ಷದ ಅಭ್ಯಾಸ ಅವರ ಬಾಯಿಂದ ತಾನಾಗಿ ಬಂತು: "ಮಧ್ಯೆ ಸ್ಟಾಪಿಲ್ಲ! ಹಿಂದಿನ ಗಾಡೀಲಿ ಬನ್ನಿ! ರೈಟ್, ರೈಟ್!"

ಸೀಟಿ ಎರಡು ಸಲ ಕೇಳಿಸಿತು.

ಮೆಕ್ಯಾನಿಕ್ ಕೈ ಒರೆಸಿಕೊಳ್ಳುತ್ತ ಬಂದು ಪಕ್ಕದಲ್ಲಿ ನಿಂತ. "ಸ್ಪ್ರಿಂಗು ಗಟ್ಟಿ ಇದೆ. ಹೆದರಬೇಡಿ ಮೇಷ್ಟ್ರೇ."

ಅರ್ಧ ಗಂಟೆಗೆ ಫೋನು ಬಂತು. ಟೈಲರಮ್ಮ ಹಿಡಿದುಕೊಂಡಿದ್ದರು, ಮಾತಾಡಿದ್ದು ಹೆಂಡತಿ. "ರೀ, ತಿರುಗಿಸೋಕೆ ಬ್ರೇಕ್ ಹಾಕ್ಬೇಕು. ಬ್ರೇಕಿಗೂ ಅದೇ ಕಾಲು ತಾನೇ? ಏನ್ ಮಾಡ್ಲಿ? ವಾಪಸ್ ಬರ್ಲಾ?"

ಹಿಂದೆ ಯಾರೋ ನಗುತ್ತಿದ್ದರು. ಗಾಳಿಯ ಸದ್ದು ಕೇಳುತ್ತಿತ್ತು. ಹೆಂಡತಿಯ ದನಿಯಲ್ಲಿ ವ್ಯಾನು ಮನೆಗೆ ಬಂದ ದಿನದ ಸಂಭ್ರಮವಿತ್ತು. ಹನ್ನೆರಡು ವರ್ಷ ಬುತ್ತಿ ಕಟ್ಟಿ, ಬಿಚ್ಚಿ, ಅದನ್ನೇ ಮನೆಯಲ್ಲಿ ಬಡಿಸಿದವಳು. ಅವಳೂ ಕಡಲು ನೋಡಿರಲಿಲ್ಲ.

"ಬೇಡ," ಎಂದರು ಮೇಷ್ಟ್ರು. "ಹೋಗು. ತಲುಪಿದ್ಮೇಲೆ ನನಗೊಂದಿಷ್ಟು ಸದ್ದು ಕೇಳಿಸು, ಸಾಕು."

ಆ ದಿನವೆಲ್ಲ ಅವರು ಆ ಕಲ್ಲಿನ ಮೇಲೆಯೇ ಕೂತಿದ್ದರು. ಸಂಜೆ ಫೋನು ಮೊಳಗಿತು.

"ರೀ! ಬಂದ್ವಿ! ಎಷ್ಟು ದೊಡ್ಡದು ರೀ! ನಿಮ್ಮ ಬೋರ್ಡು ಏನೂ ಅಲ್ಲ!"

"ಫೋನು ಕಿಟಕಿ ಹತ್ರ ಹಿಡಿ."

ಕೇಳಿಸಿತು. ದೂರದಿಂದ ಮೊರೆಯುತ್ತ ಬಂದು, ಏರಿ, ತುದಿಯಲ್ಲಿ ಒಂದು ಗಳಿಗೆ ನಿಂತು, ಹೋ ಎಂದು ಇಳಿಯುತ್ತಿತ್ತು. ಮತ್ತೆ ಏರುತ್ತಿತ್ತು. ಮೇಷ್ಟ್ರು ಕಣ್ಣು ಮುಚ್ಚಿದರು. ಇಪ್ಪತ್ತಾರು ವರ್ಷ ತಾವು ಎಳೆದ ಗೆರೆಗಳಿಗೆಲ್ಲ ಇವತ್ತು ದನಿ ಬಂದಿತ್ತು. ಕಾಲು ಗಂಟೆ ಹಾಗೆಯೇ ಕೇಳಿದರು. ಗಲ್ಲ ಒದ್ದೆಯಾಯಿತು, ಒರೆಸಿಕೊಳ್ಳಲಿಲ್ಲ.

"ಅಲೆ ಎಷ್ಟು ಚೆನ್ನಾಗಿ ಕೇಳ್ತಿದೆ ಕಣೇ," ಎಂದರು ಕೊನೆಗೆ.

"ಅಲೆನಾ? ಅದು ಎಂಜಿನ್ ರೀ. ಗಾಡಿ ನ್ಯೂಟ್ರಲ್‌ನಲ್ಲಿದೆ, ನಾನು ಕಾಲು ಎತ್ತಿಲ್ಲ. ಇಲ್ಲಿ ಇಳಿಜಾರೇ ಇಲ್ಲ. ಆಫ್ ಆದ್ರೆ ಕಲ್ಲೆತ್ತೋಕೆ ನೀವೂ ಇಲ್ಲವಲ್ಲ."

ವ್ಯಾನು ಭಾನುವಾರ ಸಂಜೆ ಇನ್ನೊಂದು ಗಾಡಿಯ ಹಿಂದೆ ಹಗ್ಗ ಕಟ್ಟಿಸಿಕೊಂಡು ಬಂತು. ಸೋಮವಾರ ಮೂರನೇ ಪೀರಿಯಡ್ಡಿನಲ್ಲಿ ಯಾರೋ ಕೇಳಿದರು, "ಸಾರ್, ನೀವು ಕಡಲು ನೋಡಿದೀರಾ?"

ಮೇಷ್ಟ್ರು "ಹೂಂ" ಎಂದು ಬೋರ್ಡಿನ ಕಡೆ ತಿರುಗಿದರು.