ಆಯಿ ಕೂರದ ಚರ್ಮದ ಸೀಟು

"ಹಳೇ ವಸ್ತಾ ತಗೋಬೇಕು, ಅದಕ್ಕ ಬುದ್ಧಿ ಬಂದಿರತೈತಿ." ನನ್ನ ಬಾಲ್ಯದಲ್ಲಿ ಮನೆಗೆ ಏನನ್ನು ತರುವ ಮುಂಚೆಯೂ ಅಪ್ಪ ಆಡುತ್ತಿದ್ದ ಮಾತಿದು. ನನ್ನ ಪಠ್ಯಪುಸ್ತಕಗಳು, ಸೈಕಲ್ಲು, ಕೊನೆಗೆ ಗೋಡೆಯ ಗಡಿಯಾರ ಕೂಡ ಹೀಗೆ ಬೇರೊಬ್ಬರ ಮನೆಯಲ್ಲಿ ಬುದ್ಧಿ ಕಲಿತ ಮೇಲೆಯೇ ನಮ್ಮಲ್ಲಿಗೆ ಬಂದವು. ಆ ಮಾತನ್ನು ನಾನು ಬಹುಕಾಲ ಪ್ರಶ್ನಿಸದೆ ನಂಬಿದ್ದೆ. ಕನ್ನಡ ಎಂ.ಎ. ಮುಗಿಸಿ ಊರಿಗೆ ಮರಳಿದ ವರ್ಷ ಅಪ್ಪ ಹಳೆಯ ಕಾರೊಂದನ್ನು ತಂದರು. ಬುದ್ಧಿ ಬರುವುದು ವಸ್ತುವಿಗೋ, ಕೊಂಡವರಿಗೋ ಎಂಬ ಸಂದೇಹ ಅಂದು ಹುಟ್ಟಿತು. ಆ ಕಾರು ಅಂಗಳಕ್ಕೆ ಬಂದ ದಿನದಿಂದ ಒಂದಿಲ್ಲೊಂದು ಪ್ರಸಂಗ ನಡೆಯುತ್ತಲೇ ಹೋಯಿತು.

ಪುಣ್ಯದ ಪ್ರಶ್ನೆ

ಅಪ್ಪ ಚಿಕ್ಕೋಡಿಯ ಹೈಸ್ಕೂಲೊಂದರಲ್ಲಿ ಗಣಿತದ ಮಾಸ್ತರರು. ಅವರು ಕಾರು ಕೊಂಡದ್ದು ತಮ್ಮ ತಾಯಿಗಾಗಿ, ಅಂದರೆ ನಮ್ಮ ಆಯಿಗಾಗಿ. ಆಯಿಯ ತಂಗಿ ಇರುವುದು ಕಾಗವಾಡದಲ್ಲಿ. ಮೊಣಕಾಲು ನೋವಿನಿಂದ ಬಸ್ಸಿನ ಮೆಟ್ಟಿಲು ಹತ್ತಲಾಗದೆ, ಆಯಿ ತಂಗಿಯ ಮುಖ ಕಂಡು ಎರಡು ವರ್ಷಗಳಾಗಿದ್ದವು.

ಕೊಲ್ಹಾಪುರದ ದಲಾಲ ಸೀಟು ತಟ್ಟಿ, "ಅಸ್ಸಲ್ ಲೆದರ್ ಆಹೆ, ಗುರುಜಿ" ಎಂದು ಮರಾಠಿಯಲ್ಲಿ ಅಂದನಂತೆ. ಅಪ್ಪ ಅಲ್ಲಿಗೇ ಸೋತರು. ಕಾರು ಮನೆಗೆ ಬಂತು, ಆರತಿಯಾಯಿತು, ಓಣಿಯ ಜನರೆಲ್ಲ ಸೇರಿದರು. ಅಪ್ಪ ಬಾಗಿಲು ತೆರೆದು, "ಹತ್ತು ಅವ್ವಾ, ಅಸ್ಸಲ್ ಚರ್ಮದ ಸೀಟು!" ಎಂದರು.

ನಮ್ಮದು ಜೈನ ಮನೆತನ. ಆಯಿಯಂತೂ ಇರುವೆಗೂ ದಾರಿ ಬಿಟ್ಟು ನಡೆಯುವವಳು. ಒಳಗಿಟ್ಟಿದ್ದ ಕಾಲನ್ನು ಹಿಂದಕ್ಕೆ ತೆಗೆದುಕೊಂಡಳು.

"ಸತ್ತ ದನದ ಮ್ಯಾಲ ಕುಂತು ತಂಗೀನ ನೋಡಾಕ ಹ್ವಾದ್ರ ಏನ್ ಪುಣ್ಯ ಬಂತೋ?"

"ಮ್ಯಾಲ ಚಾದರ ಹಾಸ್ತೀನಿ, ಅವ್ವಾ."

"ಚಾದರ ಹೊಚ್ಚಿದ್ರ ಸತ್ತದ್ದು ಮಲಕೊಂಡೈತಿ ಅಂತ ಆಗತೈತೇನು?"

ಹಸಿವಿಲ್ಲದ ಚರ್ಮ

ಇಂದಲ್ಲ ನಾಳೆ ಅವ್ವ ಮನಸ್ಸು ಬದಲಿಸಿಯಾಳು, ಅಲ್ಲಿಯವರೆಗೆ ಸೀಟು ಕೆಡದಂತೆ ಕಾಪಾಡಬೇಕು ಎಂದು ಅಪ್ಪ ನಿಶ್ಚಯಿಸಿದರು. ಪಕ್ಕದ ಮನೆಯ ತಂಬಾಕು ವ್ಯಾಪಾರಿ ಉಪಾಯ ಹೇಳಿದರು. "ನನ್ನ ಅಥಣಿ ಚಪ್ಲಿ ನೋಡ್ರಿ, ಮಾಸ್ತರ. ವಾರಕ್ಕೊಮ್ಮೆ ಶೇಂಗಾ ಎಣ್ಣಿ ಕುಡಸ್ತೀನಿ. ಹತ್ತ ವರ್ಷ ಆತು, ಇನ್ನೂ ಮದುಮಗನ ಚಪ್ಲಿ ಇದ್ದಂಗ ಅದಾವು."

ಅಪ್ಪ ಅರ್ಧ ಲೀಟರ್ ಶೇಂಗಾ ಎಣ್ಣೆಯನ್ನು ಭಕ್ತಿಯಿಂದ ಸೀಟುಗಳಿಗೆ ತಿಕ್ಕಿದರು. ಮರುದಿನ ನೋಡಿದರೆ ಎಣ್ಣೆ ಮೇಲೆಯೇ ಮಿನುಗುತ್ತಿತ್ತು.

"ಕುಡ್ಯಾಕತ್ತಿಲ್ಲಲ್ರಿ ಇದು?"

ವ್ಯಾಪಾರಿ ಬಗ್ಗಿ ನೋಡಿ, "ದೊಡ್ಡ ಮನೀ ಚರ್ಮರಿ. ಹಸಿವಿಲ್ಲ ಅದಕ್ಕ" ಎಂದರು.

ಅದೇ ದಿನ ಕಬ್ಬೂರಿನಲ್ಲಿ ಮದುವೆ. ಬಿಳಿಯ ಧೋತರ, ಬಿಳಿಯ ಅಂಗಿ, ಬಿಳಿಯ ಟೋಪಿಯ ಮೂವರು ಹಿರಿಯರು ಹಿಂದಿನ ಸೀಟಿನಲ್ಲಿ ಗಂಭೀರವಾಗಿ ಕುಳಿತು ಬಂದರು. ಮಂಟಪದಲ್ಲಿ ಅವರು ಎದುರಾದಾಗ ಜನ ಕೈ ಮುಗಿಯುತ್ತಿದ್ದರು, ದಾಟಿಹೋದ ಮೇಲೆ ಬಾಯಿಗೆ ಸೆರಗು ಹಚ್ಚುತ್ತಿದ್ದರು. ಕೊನೆಗೆ ಬೀಗರ ಕಡೆಯ ಹೆಂಗಸೊಬ್ಬಳು ಅಡಿಗೆಯವನನ್ನು ಕೂಗಿದಳು: "ಭಜಿ ಬುಟ್ಟಿ ಒಮ್ಮೆ ನೋಡಿ ಬಾರಪಾ. ಈ ಹಿರ್ಯಾರು ಅದರ ಮ್ಯಾಲ ಕುಂತ ಎದ್ದಂಗ ಕಾಣತೈತಿ!"

ಉಪವಾಸದ ಇಂಜಿನ್

ಒಂದು ವಾರದ ನಂತರ ಅಕ್ಕೋಳದ ದಾರಿಯಲ್ಲಿ ಕಾರು ನರಳಿ, ಹೊಗೆಯುಗುಳಿ, ನಿಂತುಬಿಟ್ಟಿತು. ಕಬ್ಬಿನ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ನಿಪ್ಪಾಣಿಯ ಗ್ಯಾರೇಜಿಗೆ ಎಳೆಸಿದೆವು. ಮಿಸ್ತ್ರಿ ಎಣ್ಣೆ ಅಳೆಯುವ ಕಡ್ಡಿಯನ್ನು ಹೊರಗೆಳೆದು ನೋಡಿದ. ಅದು ಒಣಗಿ ಕಟ್ಟಿಗೆಯಾಗಿತ್ತು.

"ಗುರುಜಿ, ಎಣ್ಣಿ ಯಾವಾಗ ಹಾಕಿದ್ರಿ?"

"ಹೋದ ವಾರ. ಅರ್ಧಾ ಲೀಟರ್."

"ಯಾವ ಎಣ್ಣಿ?"

"ಶೇಂಗಾ."

ಮಿಸ್ತ್ರಿಯ ಕೈಯೊಳಗಿನ ಸ್ಪ್ಯಾನರು ಜಾರಿ ಬಿತ್ತು. "ಇಂಜಿನ್ನಿಗೆ?"

"ಛೇ! ಸೀಟಿಗೆ."

ಮಿಸ್ತ್ರಿ ಸ್ಟೂಲು ಎಳೆದುಕೊಂಡು ಕುಳಿತ. "ಇಪ್ಪತ್ತ ವರ್ಷ ಆತ್ರಿ ಗ್ಯಾರೇಜ ಇಟ್ಟು. ಇಂಜಿನ್ ಉಪಾಸ ಕೆಡವಿ, ಸೀಟಿಗೆ ಊಟಾ ಹಾಕಿದವ್ರನ್ನ ಇವತ್ತ ನೋಡಿದೆ."

ಗೇಟಿನ ಮುಂದಿನ ಚಪ್ಪಲಿ

ಎಣ್ಣೆಯ ಕಲೆ ಹೋಗಿಸಲು ಅಪ್ಪ ಒಂದು ಡಬ್ಬಿ ಸೋಪಿನ ಪುಡಿ ಖರ್ಚು ಮಾಡಿದರು. ಆಮೇಲೆ ನಿಯಮಗಳು ಬಂದವು. ಹಿಂದಿನ ಕಿಸೆಯಲ್ಲಿ ಕೀಲಿಕೈ ಇರಕೂಡದು. ದ್ರಾಕ್ಷಿ ತಿನ್ನಕೂಡದು. ಎಲ್ಲಕ್ಕಿಂತ ಮೊದಲು, ಚಪ್ಪಲಿ ಕಳಚಿ ಒಳಗೆ ಬರಬೇಕು.

ರಾಯಬಾಗದಲ್ಲಿ ಶಿಕ್ಷಕರ ತರಬೇತಿಯಿತ್ತು. ಶಾಲೆಯ ಗೇಟಿನ ಮುಂದೆ ಅಪ್ಪನ ಮೂವರು ಸಹೋದ್ಯೋಗಿಗಳು, ಜೊತೆಗೆ ಹೆಡ್‌ಮಾಸ್ತರರು, ವಿಧೇಯ ವಿದ್ಯಾರ್ಥಿಗಳಂತೆ ಚಪ್ಪಲಿ ಕಳಚಿ ಕಾರು ಹತ್ತಿದರು. ಸುಡುವ ಬಿಸಿಲಿನಲ್ಲಿ ರಾಯಬಾಗದಲ್ಲಿ ಇಳಿದಾಗಲೇ ಗೊತ್ತಾದದ್ದು: ಕಳಚಿದ ಚಪ್ಪಲಿಯನ್ನು ಯಾರೊಬ್ಬರೂ ಒಳಗೆ ತಂದಿರಲಿಲ್ಲ. ಗುಡಿಯ ರೂಢಿಯಂತೆ ಹೊರಗೇ ಬಿಟ್ಟು ಬಂದಿದ್ದರು.

ಬರಿಗಾಲಲ್ಲಿ ಕುಣಿಯುತ್ತ ಬಂದ ನಾಲ್ವರನ್ನು ಕಂಡು ಅಧಿಕಾರಿಗಳು ಕೇಳಿದರು, "ಯಾವ ದೇವ್ರ ಹರಕಿರಿ, ಮಾಸ್ತರ?"

ನಾಲ್ವರಲ್ಲೊಬ್ಬರಾದ ಚಿತ್ರಕಲೆಯ ಮಾಸ್ತರರು ಕಾರಿನತ್ತ ಬೆರಳು ಮಾಡಿದರು. "ಆ ಗಿಡದ ನೆರಳಾಗ ನಿಂತೈತಲ್ರಿ, ಅದರದು."

ಹೆಡ್‌ಮಾಸ್ತರರು ಗಾಬರಿಯಿಂದ ಶಾಲೆಗೆ ಫೋನು ಮಾಡಿದರು. ಆ ಕಡೆಯಿಂದ ಶಾಲೆಯ ಜವಾನ ಸಮಾಧಾನ ಹೇಳಿದ: "ಎಲ್ಲೂ ಹೋಗಿಲ್ರಿ ಸರ, ಗೇಟ್ ಮುಂದ ಸಾಲಾಗಿ ಅದಾವು. ಅವನ್ನ ನೋಡಿ ಒಳಗ ಪೂಜಾ ನಡದೈತಿ ಅಂತ ತಿಳದು, ಮತ್ತ ಆರ ಮಂದಿ ತಮ್ಮವೂ ಬಿಟ್ಟು ಪ್ರಸಾದಕ್ಕ ಬಂದು ಕುಂತಾರ್ರಿ!"

ಅಥಣಿಯ ಕಾಕಾ

ಆ ಸೋಪಿನ ಉಜ್ಜಾಟಕ್ಕೋ ಏನೋ, ಒಂದು ದಿನ ಹಿಂದಿನ ಸೀಟಿನ ಹೊಲಿಗೆ ಬಿಚ್ಚಿಕೊಂಡಿತು. ಚರ್ಮದ ಕೆಲಸವನ್ನು ಬಲ್ಲವರೇ ಮಾಡಬೇಕೆಂಬುದು ಅಪ್ಪನ ಹಟ. ಚಿಕ್ಕೋಡಿಯ ಸಂತೆಗೆ ಚಪ್ಪಲಿ ತರುವ ಅಥಣಿಯ ಹಿರಿಯ ಕುಶಲಕರ್ಮಿಯೊಬ್ಬರಿದ್ದರು. ಎಲ್ಲರಿಗೂ ಅವರು ಕಾಕಾ. ಅಪ್ಪ ಅವರನ್ನು ಗೌರವದಿಂದ ಮನೆಗೆ ಕರೆತಂದರು. ನೋಡಲು ಓಣಿಯೇ ನೆರೆಯಿತು.

ಅದೇ ಮುಂಜಾನೆ ಕಾಗವಾಡದಿಂದ ಫೋನು ಬಂದಿತ್ತು. ಆಯಿಯ ತಂಗಿಗೆ ಕಣ್ಣಿನ ಪೊರೆ ತೆಗೆಸಿದ್ದರು. ಸಂಜೆ ಪಟ್ಟಿ ಬಿಚ್ಚುತ್ತಾರೆ, ಬಿಚ್ಚಿದ ಕೂಡಲೇ ಮೊದಲು ಅಕ್ಕನ ಮುಖವನ್ನೇ ನೋಡಬೇಕು ಎಂದು ಆಕೆ ಹಟ ಹಿಡಿದಿದ್ದಳು. ಆಯಿ ಹೊಸ್ತಿಲಲ್ಲಿ ಕುಳಿತಿದ್ದಳು. ಕಾರಿನಲ್ಲಿ ಹೋಗೋಣವೇ ಎಂದು ಅಪ್ಪ ಎರಡು ಸಲ ಕೇಳಿ, ಎರಡು ಸಲವೂ ಇಲ್ಲವೆನಿಸಿಕೊಂಡಿದ್ದರು.

ಕಾಕಾ ಹರಿದ ಅಂಚನ್ನು ಮಗುಚಿದರು, ಮೂಸಿದರು, ಉಗುರಿನಿಂದ ಕೆರೆದರು. ಆಮೇಲೆ ಅಪ್ಪನ ಕಿವಿಯ ಬಳಿ ಬಾಗಿದರು. ಪಕ್ಕದಲ್ಲಿದ್ದ ನನಗೂ ಕೇಳಿಸಿತು.

"ಮಾಸ್ತರ, ಇದು ಚರ್ಮ ಅಲ್ರಿ, ರೆಕ್ಜಿನ್. ಹಿಂದ ಬಟ್ಟಿ ಕಾಣಾಕತ್ತೈತಿ. ಯಾವ ದನಾನೂ ಒಳಗ ಅರಬಿ ತೊಟಗೊಂಡ ಹುಟ್ಟಂಗಿಲ್ರಿ. ಮಂದಿ ನೋಡಾಕತ್ತಾರ, ನಾ ಬಾಯಿ ಬಿಡಂಗಿಲ್ಲ. ಸುಮ್ಮ ಹೊಲಿದು ಕೊಟ್ಟ ಹೋಗ್ತೀನಿ."

ಅಪ್ಪ ಓಣಿಯ ಜನರನ್ನು ನೋಡಿದರು. ಅವರೆದುರು ಇಷ್ಟು ದಿನ ಚರ್ಮದ ಸೀಟೆಂದು ಕೊಚ್ಚಿಕೊಂಡ ಮಾತುಗಳು ಅಪ್ಪನಿಗೆ ನೆನಪಾಗಿರಬೇಕು. ಆಮೇಲೆ ಹೊಸ್ತಿಲಲ್ಲಿದ್ದ ತಾಯಿಯನ್ನು ನೋಡಿದರು. ಕಟ್ಟೆ ಹತ್ತಿ ನಿಂತರು.

"ಎಲ್ಲಾರೂ ಕೇಳ್ರಿ. ನಮ್ಮ ಗಾಡೀ ಸೀಟು ಚರ್ಮದ್ದಲ್ಲ, ರೆಕ್ಜಿನ್ ಐತಿ. ನಾ ಮೋಸ ಹೋಗೇನಿ. ಇಪ್ಪತ್ತೈದ ವರ್ಷ ಗಣಿತಾ ಕಲಿಸಿಯೂ ಹೋಗೇನಿ."

ಓಣಿ ಬಿದ್ದು ಬಿದ್ದು ನಕ್ಕಿತು. ಆಯಿ ಮಾತ್ರ ನಗಲಿಲ್ಲ. ಎದ್ದು ಬಂದು ಕಾಕಾನನ್ನು ಕೇಳಿದಳು, "ಖರೇನಪಾ?"

"ಐವತ್ತ ವರ್ಷ ಚರ್ಮದಾಗ ಕೈ ಆಡಿಸೇನಿ, ಯವ್ವಾ. ಇದರಾಗ ಯಾವ ಜೀವದ್ದೂ ಪಾಲಿಲ್ಲ."

ಆಯಿ ಒಳಗೆ ಹೋದಳು. ಐದೇ ನಿಮಿಷದಲ್ಲಿ ಹೊಸ ಸೀರೆಯುಟ್ಟು, ಗಂಟು ಹಿಡಿದು ಬಂದಳು. ನೇರವಾಗಿ ಮುಂದಿನ ಸೀಟಿನಲ್ಲಿ ಕುಳಿತು, ಕಿಟಕಿಯಿಂದ ತಲೆ ಹೊರಹಾಕಿ, ನೆರೆದವರಿಗೆಲ್ಲ ಕೇಳುವಂತೆ ಹೇಳಿದಳು:

"ನಾ ತಂಗೀ ಮನಿಗೆ ಹೊಂಟೇನಿ. ಎಂಟ ದಿನಾ ಬರಂಗಿಲ್ಲ. ಗಾಡೀನೂ ಅಲ್ಲೇ ಇರತೈತಿ, ತಂಗೀ ಮಗ ಹೊಡೀತಾನ. ನಾವಿಬ್ರೂ ಕೂಡಿ ಬೀಗರ ಮನೀ ಎಲ್ಲಾ ತಿರಗತೀವಿ."

"ಅವ್ವಾ, ಮತ್ತ ನಾ ಸಾಲಿಗೆ ಹ್ಯಾಂಗ ಹೋಗ್ಲಿ?"

"ಬಸ್ಸಿಗೆ ಹೋಗು. ಅದರ ಸೀಟೂ ರೆಕ್ಜಿನ್ನೇ ಐತಿ."