ಅಡಿಗಲ್ಲಣ್ಣನ ಕಲ್ಲು, ಬಡಗಿಯ ಬೀರು

ಬೀರು ಅಂಗಡಿಯ ಬಾಗಿಲಿನಿಂದ ಅರ್ಧಕ್ಕರ್ಧ ಹೊರಗೆ ಬಂದು ಕಲ್ಲಿಗೆ ಬಡಿದು ನಿಂತಿತು. ಕಲ್ಲಿಗೂ ಬೀರಿಗೂ ನಡುವೆ ಬಡಗಿಯ ಭಾಮೈದನ ಹೆಬ್ಬೆರಳಿತ್ತು.

“ಭಾವ, ಬೆರಳು,” ಅಂದ ಭಾಮೈದ.

“ಬೀರಿಗೆ ಗೀರು ಬಿತ್ತಾ ನೋಡು,” ಅಂದ ಬಡಗಿ ಒಳಗಿನಿಂದ.

ಬಡಗಿ ಅಳತೆ ತಪ್ಪುವ ಆಸಾಮಿಯಲ್ಲ. ಬಾಗಿಲಿನ ಅಗಲ ಅಳೆದಿದ್ದ, ಎತ್ತರ ಅಳೆದಿದ್ದ, ಮಲಗಿಸಿ ತಂದರೆ ಬೀರು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಆಚೆ ಬರುತ್ತದೆ ಎಂದು ಹೆಂಡತಿಗೆ ಹೇಳಿಯೂ ಇದ್ದ. ಅಳೆಯದೆ ಬಿಟ್ಟದ್ದು ಹೊಸ್ತಿಲಿನಿಂದ ಎರಡು ಮೊಳ ಆಚೆ, ಬಾಗಿಲಿಗೆ ಸರಿ ನಡುವೆ, ಸೊಂಟದೆತ್ತರಕ್ಕೆ ನಿಂತಿದ್ದ ಕಲ್ಲನ್ನು. ವರ್ಷಗಟ್ಟಲೆ ಅದನ್ನು ಸುತ್ತಿಕೊಂಡೇ ಓಡಾಡಿ, ಹಲಗೆಗಳನ್ನು ಓರೆ ಮಾಡಿ ಒಳಗೆ ತಂದು, ಅದು ಅಲ್ಲಿದೆ ಅನ್ನುವುದೇ ಅವನಿಗೆ ಮರೆತುಹೋಗಿತ್ತು. ಎತ್ತಿ ದಾಟಿಸೋಣ ಅಂದರೆ ಮೇಲೆ ಬಾಗಿಲ ತಲೆಪಟ್ಟಿ ತಡೆಯುತ್ತಿತ್ತು. ಬಿಚ್ಚಿ ಸಾಗಿಸೋಣ ಅಂದರೆ ಬೀರು ಬಿಚ್ಚುವಂಥದ್ದಲ್ಲ. “ಒಂದು ಮೊಳೆಯೂ ಕಾಣಬಾರದು” ಅಂದಿದ್ದರು ಹಲ್ಲಿನ ಡಾಕ್ಟರಮ್ಮ. ಒಂದೂ ಕಾಣದ ಹಾಗೆ ಗೂಟಕ್ಕೆ ಗೂಟ ಕೂಡಿಸಿ, ಅಂಟು ಹಾಕಿ ಕಟ್ಟಿದ್ದ.

ಡಾಕ್ಟರಮ್ಮನ ಹೊಸ ಆಸ್ಪತ್ರೆಯ ಬಾಗಿಲು ತೆರೆಯುವುದು ನಾಳೆ. ಬೀರು ಇವತ್ತು ಸಂಜೆಯೊಳಗೆ ಬಂದರೆ ಮೇಜು, ಬೆಂಚು, ಒಳಗಿನ ಮರಗೆಲಸವೆಲ್ಲ ಬಡಗಿಗೇ ಎಂದು ಮಾತು ಕೊಟ್ಟಿದ್ದರು. ಬಾರದಿದ್ದರೆ ಅಂಗಡಿಯಿಂದ ಕಬ್ಬಿಣದ ಬೀರು ತರಿಸುತ್ತೇನೆ, ಆಮೇಲೆ ನಿನ್ನ ಮುಖ ತೋರಿಸಬೇಡ ಎಂದೂ ಹೇಳಿದ್ದರು. ಮುರಿದ ಕುರ್ಚಿಯ ಕಾಲು ಜೋಡಿಸಿಯೇ ಜೀವನ ಸವೆಸುತ್ತಿದ್ದ ಬಡಗಿಗೆ ಇಷ್ಟು ದೊಡ್ಡ ಕೆಲಸ ಬಂದದ್ದು ಇದೇ ಮೊದಲು.

ಇನ್ನು ಆ ಕಲ್ಲು. ಆ ಕಲ್ಲಿನ ಕತೆ ಎಂದರೆ ನಮ್ಮ ಶಾಸಕರ ಕತೆಯೇ. ಆಗ ಅವರು ಮೇಯರ್. ಬೀದಿಗೆ ಒಳಚರಂಡಿ ಮಾಡಿಸುತ್ತೇನೆಂದು ಅಡಿಗಲ್ಲು ಹಾಕಲು ಬಂದಿದ್ದರು. ಕಲ್ಲು ಹಾಕಬೇಕಾದ ಜಾಗ ಬೀದಿಯ ತುದಿ. ಆದರೆ ಬೀದಿಯ ತುದಿಯಲ್ಲಿ ಬಿಸಿಲು, ನೆರಳಿದ್ದದ್ದು ಬಡಗಿಯ ಅಂಗಡಿಯ ತಗಡಿನ ಕೆಳಗೆ. “ಇಲ್ಲೇ ಹಾಕೋಣ” ಅಂದರು, ಹಾಕಿದರು, ಕರಣೆ ಹಿಡಿದು ಫೋಟೋ ತೆಗೆಸಿಕೊಂಡು ಹೋದರು. ಚರಂಡಿ ಬರಲಿಲ್ಲ. ಫೋಟೋ ಮಾತ್ರ ಊರಿನ ಗೋಡೆಗೋಡೆಗೂ ಬಂತು. ಕರಣೆ ಹಿಡಿದ ಆ ಫೋಟೋದ ಮೇಲೆಯೇ ಶಾಸಕರಾದರು, ಮತ್ತೊಂದು ಸಲವೂ ಆದರು. ನಡುವೆ ಪಕ್ಷ ಬದಲಾಯಿಸಿದರು, ಕಲ್ಲಿನ ಅಂಚಿನ ಬಣ್ಣವನ್ನೂ ಬದಲಾಯಿಸಿದರು. ಊರಿನಲ್ಲಿ ಅವರು ಕಲ್ಲು ಹಾಕದ ಬೀದಿಯಿಲ್ಲ, ಕಲ್ಲಿನ ಹಿಂದೆ ಕೆಲಸ ಬಂದ ಬೀದಿಯೂ ಇಲ್ಲ. ಬೆನ್ನ ಹಿಂದೆ ಜನ ಅವರನ್ನು ಅಡಿಗಲ್ಲಣ್ಣ ಅನ್ನುತ್ತಾರೆ, ಎದುರಿಗೆ ಬಂದರೆ ಸಾಹೇಬ್ರೇ ಅನ್ನುತ್ತಾರೆ. ಅಡಿಗಲ್ಲಣ್ಣನ ಮೇಲೆ ಬರುವಷ್ಟೇ ಸಿಟ್ಟು ಈ ಜನರ ಮೇಲೂ ಬರುತ್ತದೆ. ಮಳೆ ಬಂದಾಗಲೆಲ್ಲ ಬೀದಿಯ ಕೊಚ್ಚೆ ಬಡಗಿಯ ಅಂಗಡಿಗೆ ನುಗ್ಗುತ್ತಿತ್ತು. ಕಲ್ಲಿನ ಮೇಲೆ “ಕಾಮಗಾರಿ ಆರು ತಿಂಗಳಲ್ಲಿ ಮುಗಿಯತಕ್ಕದ್ದು” ಎಂಬ ಅಕ್ಷರಗಳು ಮಾತ್ರ ಪ್ರತಿ ಚುನಾವಣೆಗೂ ಹೊಸ ಬಣ್ಣ ಬಳಿಸಿಕೊಂಡು ಹೊಳೆಯುತ್ತಿದ್ದವು.

ಬಡಗಿ ಬೀರಿನ ಮೇಲಿಂದ ತೆವಳಿಕೊಂಡು ಆಚೆ ಬಂದು ಆ ಅಕ್ಷರಗಳನ್ನು ಓದಿದ. ಮತ್ತೊಂದು ಸಲ ಓದಿದ. ಅವನಿಗೆ ಉಗುರಿನಿಂದ ನೆತ್ತಿಯವರೆಗೆ ಸಿಟ್ಟು ಏರಿತು.

“ಹಾರೆ ತಗೊಂಡ್ಬಾ,” ಅಂದ ಭಾಮೈದನಿಗೆ.

ಹಾರೆ ನೆಲಕ್ಕೆ ತಾಗಿದ ಸದ್ದಿಗೆ ಬೀದಿಯೆಲ್ಲ ಬಾಗಿಲು ತೆರೆಯಿತು. ಕೊಚ್ಚೆ ನುಗ್ಗಿದ ದಿನ ಒಬ್ಬರೂ ತೆರೆದವರಲ್ಲ. ಮೊದಲು ಬಂದವನು ಪಕ್ಕದ ಕಟಿಂಗ್ ಅಂಗಡಿಯವನು.

“ಏನಣ್ಣ ಮಾಡ್ತಿದೀಯ? ನನ್ನ ಟವೆಲ್ ಎಲ್ಲಿ ಒಣಗಿಸ್ಲಿ?”

“ನಿನ್ನ ತಲೆ ಮೇಲೆ ಒಣಗಿಸ್ಕೊ.”

ಮೂಲೆಮನೆಯ ಅಜ್ಜಿ ಗೋಡೆಗೆ ಕೈಯೂರಿಕೊಂಡು ಬಂದಳು. “ಅಲ್ಲಪ್ಪ, ರಸ್ತೆ ದಾಟುವಾಗ ನಾನು ಹಿಡ್ಕೊಳ್ಳೋದೇ ಆ ಕಲ್ಲನ್ನ. ಅದಿಲ್ಲ ಅಂದ್ರೆ ಬಿದ್ದು ಸಾಯ್ತೀನಿ. ನಿನಗೆ ಅಷ್ಟೂ ಕರುಣೆ ಇಲ್ವಾ?”

ಅಜ್ಜಿಯ ಹಿಂದೆಯೇ ನಿವೃತ್ತ ಗುಮಾಸ್ತರು ಬಂದರು. ಬೀದಿಯವರು ಅವರನ್ನು ರೂಲ್ಸ್ ತಾತ ಎನ್ನುತ್ತಿದ್ದರು. “ಸಾರ್ವಜನಿಕ ಆಸ್ತಿ,” ಅಂದರು ಕನ್ನಡಕ ಏರಿಸಿ. “ಮುಟ್ಟಿದರೆ ಕೇಸಾಗುತ್ತೆ. ನನ್ನ ವಿಳಾಸವೇ ‘ಕಲ್ಲಿನ ಎದುರುಮನೆ’ ಅಂತಿದೆ. ಟಪಾಲಿನವನು ಬಂದು ಏನು ನೋಡಬೇಕು, ನಿನ್ನ ಮುಖ ನೋಡಬೇಕಾ?”

ಬಡಗಿ ಹಾರೆ ನಿಲ್ಲಿಸಿದ. ಅವನ ಕತ್ತಿನ ನರ ಉಬ್ಬಿತ್ತು.

“ಚರಂಡಿ ಎಲ್ಲಿ ಅಂತ ಯಾರಾದ್ರೂ ಒಬ್ರು ಕೇಳಿದ್ರಾ? ಮಳೆ ಬಂದಾಗ ನನ್ನ ಹಲಗೆಗಳು ಕೊಳೀತಾವೆ, ನಿಮ್ಮ ಮನೇಲಿ ಹುಳ ಹರಿದಾಡ್ತಾವೆ, ಮಕ್ಕಳು ಜ್ವರ ಬಂದು ಮಲಗ್ತಾರೆ. ಆಗ ಎಲ್ಲರೂ ಬಾಯಿಗೆ ಬೀಗ. ಈಗ ಕಲ್ಲು ಬೇಕು ಅಂತ ಬಂದಿದೀರಲ್ಲ, ನಾಚಿಕೆ ಆಗಲ್ವಾ ನಿಮಗೆ?”

ಕಟಿಂಗ್ ಅಂಗಡಿಯವನು ಕಲ್ಲಿನ ಮೇಲಿದ್ದ ಟವೆಲುಗಳನ್ನು ಎತ್ತಿಕೊಂಡ. ರೂಲ್ಸ್ ತಾತ ಮಾತ್ರ, ಸಿಟ್ಟು ಬೇರೆ ರೂಲ್ಸು ಬೇರೆ ಎಂದು ಗೊಣಗಿದರು.

ಬಡಗಿ ಹಾರೆಯನ್ನು ಕಲ್ಲಿನ ಬುಡಕ್ಕೆ ಕೊಟ್ಟು ಒಂದು ಸಲ ಮೀಟಿದ. ಕಲ್ಲು ಹಾಲುಹಲ್ಲಿನ ಹಾಗೆ ಕಿತ್ತು ಬಂತು. ಕೆಳಗೆ ಸಿಮೆಂಟೂ ಇಲ್ಲ, ಜಲ್ಲಿಯೂ ಇಲ್ಲ, ಒಂದು ಬುಟ್ಟಿ ಮರಳು ಅಷ್ಟೆ. ಇಷ್ಟು ವರ್ಷ ತನ್ನ ದಾರಿಗೆ ಅಡ್ಡ ನಿಂತದ್ದು ಭಯ, ಕಲ್ಲಲ್ಲ ಎಂದು ಗೊತ್ತಾದಾಗ ಬಡಗಿಗೆ ತನ್ನ ಕಪಾಳಕ್ಕೆ ತಾನೇ ಬಾರಿಸಿಕೊಳ್ಳುವಂತಾಯಿತು.

“ಹಿಡಿ ಬೀರು,” ಅಂದ. ಅವನೂ ಭಾಮೈದನೂ ಮತ್ತೆ ಒಳಗೆ ತೆವಳಿ, ಅಲ್ಲಿಂದ ತಳ್ಳಿದರು. ಬೀರು ಮತ್ತೆ ಒಂದು ಮೊಳ ಸರಿಯಿತು.

ಅಷ್ಟರಲ್ಲಿ ಮೈಕು ಓಡಿಬಂದ. ಮೈಕು ಎಂದರೆ ಶಾಸಕರ ಕಡೆಯ ಹುಡುಗ, ಹುಡುಗ ಎಂದರೆ ನಲವತ್ತು ದಾಟಿದವನು. ಸಭೆಗಳಲ್ಲಿ ಕೂಗಿ ಕೂಗಿ, ಮೈಕಿಲ್ಲದಾಗಲೂ ಹಾಗೆಯೇ ಮಾತಾಡುವ ಚಾಳಿ ಅಂಟಿಸಿಕೊಂಡಿದ್ದ.

“ಯಾರು ಕಿತ್ತದ್ದು?” ಎಂದ ಅವನ ದನಿ ಮೂರು ಬೀದಿಗೆ ಕೇಳಿಸಿತು. “ಸಾಹೇಬ್ರು ಇವತ್ತು ಓಟು ಕೇಳೋಕೆ ಈ ಬೀದಿಗೇ ಬರ್ತಿದಾರೆ. ಬೆಳಿಗ್ಗೆ ಫೋನ್ ಮಾಡಿದವರು ಮೊದಲು ಕೇಳಿದ್ದೇ, ‘ಆ ಕಲ್ಲು ಇನ್ನೂ ಅಲ್ಲೇ ಇದೆಯಾ’ ಅಂತ. ಎಷ್ಟು ಅಭಿಮಾನ ನೋಡಿ. ಇದೆ ಸಾರ್, ಕಣ್ಣಲ್ಲಿ ಕಣ್ಣಿಟ್ಟು ಕಾಯ್ತಿದೀನಿ ಅಂತ ಹೇಳಿಬಿಟ್ಟಿದೀನಿ. ಈಗ ನನ್ನ ಗತಿ ಏನು?”

“ಬೀರು ಆಚೆ ತಗೊಂಡು ಆಮೇಲೆ ನೆಡ್ತೀನಪ್ಪ,” ಅಂದ ಬಡಗಿ.

“ಆಮೇಲೆ ಎಲ್ಲಿ? ಕಾರು ಆಗಲೇ ಪಕ್ಕದ ಬೀದಿಗೆ ಬಂದಿದೆ. ನಿನಗೆ ಅಂಗಡಿ ಬೇಕೋ ಬೇಡವೋ? ನಾಳೆ ಬಂದು ಈ ತಗಡು ಒತ್ತುವರಿ ಅಂತ ಕಿತ್ತು ಹಾಕಿದ್ರೆ ಯಾರನ್ನ ಕೇಳ್ತೀಯ?”

“ನಾನು ಆಗಲೇ ಹೇಳಿದೆ,” ಅಂದರು ರೂಲ್ಸ್ ತಾತ.

ಬಡಗಿ ಪಕ್ಕದಲ್ಲೇ ನಿಂತಿದ್ದ ಹೆಂಡತಿಯ ಮುಖ ನೋಡಿದ. ಹೆಂಡತಿ ತಗಡಿನ ಕಡೆ ನೋಡಿದಳು. ಬೆಳಿಗ್ಗೆಯಿಂದ ಉರಿಯುತ್ತಿದ್ದ ಸಿಟ್ಟು ಅಲ್ಲಿಗೆ ಆರಿತು. ಬಡವನ ಸಿಟ್ಟು ದವಡೆಗೆ ಮೂಲ ಎಂದು ಸುಮ್ಮನೆ ಹೇಳಿಲ್ಲ.

ಬೀದಿಯವರೆಲ್ಲ ಈಗ ಕೈ ಹಾಕಿದರು. ಬೀರು ಹೊರಗೆ ತರುವಾಗ ಒಬ್ಬನೂ ಮುಟ್ಟದಿದ್ದವರು ಒಳಗೆ ತಳ್ಳಲು ನಾ ಮುಂದು ತಾ ಮುಂದು ಎಂದರು. ಬೀರು ದಡದಡನೆ ಒಳಗೆ ಹೋಗಿ ಗೋಡೆಗೆ ಬಡಿಯಿತು. ಭಾಮೈದನ ಇನ್ನೊಂದು ಹೆಬ್ಬೆರಳೂ ಅದರ ಜೊತೆಗೆ ಹೋಯಿತು. ಕಲ್ಲನ್ನು ಎತ್ತಿ ಗುಂಡಿಗೆ ಇಳಿಸಿದರೆ ಅಕ್ಷರಗಳು ಅಂಗಡಿಯ ಕಡೆ ತಿರುಗಿ ನಿಂತವು. ಮೈಕು ತಲೆ ತಲೆ ಚಚ್ಚಿಕೊಂಡ. ಮತ್ತೆ ಕಿತ್ತು ತಿರುಗಿಸಿದ್ದಾಯಿತು. ಕಲ್ಲು ಈಗ ಕುಡಿದವನ ಹಾಗೆ ಓಲಾಡುತ್ತಿತ್ತು. ಬಡಗಿಯೇ ಮಂಡಿಯೂರಿ, ಎರಡೂ ಕೈಯಿಂದ ಅದನ್ನು ತಬ್ಬಿ ಹಿಡಿದು, ಬುಡಕ್ಕೆ ಕಾಲಿನಿಂದ ಮಣ್ಣು ತಳ್ಳತೊಡಗಿದ. ಬೆವರು ಕಣ್ಣಿಗಿಳಿದು ಉರಿಯುತ್ತಿತ್ತು.

ಆಗ ಬೀದಿಗೆ ಬಂದದ್ದು ಕಾರಲ್ಲ, ಒಂದು ಲಾರಿ. ಅದರಿಂದ ಮೂರು ಜನ ಆಳುಗಳು ಹಾರೆ, ಹಗ್ಗ ಹಿಡಿದು ಇಳಿದು ನೇರವಾಗಿ ಕಲ್ಲಿನ ಹತ್ತಿರ ಬಂದರು.

“ಸ್ವಲ್ಪ ಸರೀರಿ ಯಜಮಾನ್ರೆ,” ಎಂದು ಒಬ್ಬ ಹಗ್ಗವನ್ನು ಕಲ್ಲಿಗೆ ಸುತ್ತಲು ಹೋದ.

ಬಡಗಿಯ ತಾಳ್ಮೆ ಅಲ್ಲಿಗೆ ಮುಗಿಯಿತು. ಇಷ್ಟು ಕಷ್ಟಪಟ್ಟು ನಿಲ್ಲಿಸಿದ ಕಲ್ಲನ್ನು ಯಾವನೋ ಬಂದು ಅಲ್ಲಾಡಿಸಿ ಬೀಳಿಸುತ್ತಾನೆ, ಕಾರು ಬರುತ್ತದೆ, ತಪ್ಪು ತನ್ನ ತಲೆಗೆ ಬರುತ್ತದೆ, ತಗಡು ಹೋಗುತ್ತದೆ.

“ಮುಟ್ಟಿದ್ರೆ ಕೈ ಮುರೀತೀನಿ,” ಎಂದು ಅರಚಿದ. “ಬೆಳಿಗ್ಗೆಯಿಂದ ಈ ಕಲ್ಲಿಗೋಸ್ಕರ ನಾನು ಸತ್ತಿದೀನಿ. ಮುಟ್ಟೋದಾದ್ರೆ ನನ್ನ ಹೆಣದ ಮೇಲೆ ಮುಟ್ಟಿ.”

ಆಳುಗಳು ಹಿಂದೆ ಸರಿದರು. ಅಜ್ಜಿಯೂ ಬಂದು ಕಲ್ಲಿನ ನೆತ್ತಿ ಹಿಡಿದುಕೊಂಡಳು. “ನಮ್ಮ ಕಲ್ಲು ಯಾಕೆ ಮುಟ್ತೀರೋ?” ಕಟಿಂಗ್ ಅಂಗಡಿಯವನು ಕತ್ತರಿ ಹಿಡಿದೇ ಬಂದ. ಟಪಾಲಿನ ನೆನಪಾಗಿ ರೂಲ್ಸ್ ತಾತನೂ ಲಾರಿಗೆ ಅಡ್ಡ ನಿಂತರು.

ಈ ದೃಶ್ಯವನ್ನು ಶಾಸಕರು ಲಾರಿಯ ಹಿಂದೆ ನಿಂತ ಕಾರಿನಿಂದಲೇ ನೋಡಿದರು. ಇಳಿದು ಬಂದರು. ಬೆವರಿನಲ್ಲಿ ಮಿಂದು, ಕಲ್ಲನ್ನು ತಬ್ಬಿಕೊಂಡು ಮಣ್ಣಿನಲ್ಲಿ ಕುಳಿತ ಬಡಗಿಯನ್ನು ತುಸು ಹೊತ್ತು ದಿಟ್ಟಿಸಿ ನೋಡಿದರು. ಬಿಳಿ ಕರವಸ್ತ್ರ ತೆಗೆದು ಕಣ್ಣಿಗೆ ಒತ್ತಿಕೊಂಡರು.

“ನೋಡಿದಿರಾ,” ಅಂದರು ಜೊತೆಯವರಿಗೆ. “ನಾನು ಮೇಯರಾಗಿದ್ದಾಗ ಹಾಕಿದ ಕಲ್ಲು. ಇವತ್ತಿಗೂ ಜನ ಎದೆಗೆ ಅಪ್ಪಿಕೊಂಡಿದಾರೆ. ಫೋಟೋ ತೆಗೀರಪ್ಪ, ಯಾಕೆ ನಿಂತಿದೀರಿ?”

ಫೋಟೋ ತೆಗೆದರು. ಬಡಗಿ ಎದ್ದು ನಿಂತು, “ಸಾಹೇಬ್ರೇ, ಚರಂಡಿ...” ಅಂದ.

“ಚರಂಡಿ ಇವತ್ತು ಬರುತ್ತೆ, ನಾಳೆ ಹೋಗುತ್ತೆ,” ಅಂದರು ಶಾಸಕರು ಅವನ ಭುಜ ತಟ್ಟಿ. “ಈ ಅಭಿಮಾನ ಹೋಗಲ್ಲ. ಮೈಕು, ಈ ಕಲ್ಲಿಗೆ ಸುತ್ತ ಕಟ್ಟೆ ಆಗಬೇಕು. ಇವತ್ತೇ. ಗಟ್ಟಿ ಕಟ್ಟೆ, ಮೇಲೆ ಕಬ್ಬಿಣದ ಸರಪಳಿ. ಕಾವಲಿಗೆ ಈ ಯಜಮಾನ್ರೇ ಇರಲಿ.”

ಬೀದಿ ಚಪ್ಪಾಳೆ ತಟ್ಟಿತು. ಅಡಿಗಲ್ಲಣ್ಣ ಅನ್ನುತ್ತಿದ್ದ ಬಾಯಿಗಳೇ ಸಾಹೇಬರಿಗೆ ಜೈ ಎಂದವು. ಚರಂಡಿಯ ಮಾತು ಎತ್ತಿದವನು ಬಡಗಿಯೊಬ್ಬನೇ, ಅದೂ ಒಂದೇ ಮಾತು. ಶಾಸಕರು ಮುಂದಿನ ಬೀದಿಗೆ ಹೋದರು.

ಆಳುಗಳು ಲಾರಿಯಲ್ಲಿ ಹೋಗಿ ಇಟ್ಟಿಗೆ, ಸಿಮೆಂಟು ತಂದು ಕೆಲಸ ಶುರು ಮಾಡಿದರು. ಹೊಸ್ತಿಲಿಗೆ ತಾಗುವಂತೆ ಕಟ್ಟೆ ಏಳುತ್ತಿತ್ತು. ಬಡಗಿ ಬಾಗಿಲಲ್ಲಿ ಕುಳಿತು ನೋಡುತ್ತಿದ್ದ. ಸಿಮೆಂಟು ಕಲಸುತ್ತಿದ್ದವನು ಬೀಡಿ ಹಚ್ಚಿಕೊಂಡು ಮಾತಿಗಿಳಿದ.

“ಒಳ್ಳೆ ಕೆಲಸ ಮಾಡಿದ್ರಿ ಯಜಮಾನ್ರೆ. ಇಲ್ಲಾಂದ್ರೆ ಈ ಹೊತ್ತಿಗೆ ಇದು ಹೋಗಿರ್ತಿತ್ತು.”

“ಎಲ್ಲಿಗೆ?”

“ನಮ್ಮನ್ನ ಕಳಿಸಿದ್ದೇ ಇದನ್ನ ಕಿತ್ತು ಊರಾಚೆ ಎಸೆದು ಬರೋಕೆ. ಆರು ತಿಂಗಳಲ್ಲಿ ಚರಂಡಿ ಅಂತ ಬರೆದಿದೆಯಲ್ಲ, ಎದುರು ಪಕ್ಷದವರು ಫೋಟೋ ಹಿಡೀತಾರೆ, ನಾನು ಬರೋದ್ರೊಳಗೆ ಅಲ್ಲಿ ಕಲ್ಲು ಕಾಣಬಾರದು ಅಂತ ಸಾಹೇಬ್ರೇ ಹೇಳಿದ್ರು. ಲಾರಿ ಸಿಗೋದು ತಡವಾಯ್ತು. ನೀವು ತಬ್ಬಿಕೊಂಡ್ರಿ ನೋಡಿ, ಅವರ ಮನಸ್ಸೇ ಬದಲಾಯ್ತು.”

ಬಡಗಿ ತಟ್ಟನೆ ಎದ್ದು, “ಈಗಲೂ ಹಗ್ಗ ಇದೆಯಲ್ಲ, ತಗೊಂಡು ಹೋಗಿಬಿಡಿ. ನಿಮ್ಮ ಕಾಲಿಗೆ ಬೀಳ್ತೀನಿ,” ಅಂದ.

“ಈಗ ಹೇಗಾಗುತ್ತೆ? ಜನ ಬಿಡಲ್ಲ,” ಎಂದು ಆಳು ಅಜ್ಜಿಯ ಕಡೆ ಕೈ ತೋರಿಸಿದ. ಅಜ್ಜಿ ಆಗಲೇ ಕಲ್ಲು ಹಿಡಿದು ರಸ್ತೆ ದಾಟುತ್ತಿದ್ದಳು. ಕಟಿಂಗ್ ಅಂಗಡಿಯವನು ಕಟ್ಟೆ ಒಣಗಲಿ ಎಂದು ಟವೆಲುಗಳನ್ನು ಹಿಡಿದು ಕಾಯುತ್ತಿದ್ದ.

ಹೆಂಡತಿ ಒಳಗಿನಿಂದ ಫೋನ್ ತಂದು ಕೊಟ್ಟಳು. ಡಾಕ್ಟರಮ್ಮ ಆಗಲೇ ಅವಳ ಹತ್ತಿರವೇ ಮಾತು ಮುಗಿಸಿ ಇಟ್ಟಿದ್ದರು. ಕಬ್ಬಿಣದ ಬೀರು ಬಂದಾಯಿತಂತೆ.

“ಅದರ ಬಾಗಿಲು ಕಿರುಗುಟ್ಟುತ್ತೆ ಅಂದ್ರು,” ಅಂದಳು ಹೆಂಡತಿ, ಅವನಿಗೆ ಸಮಾಧಾನವಾಗಲಿ ಎಂದು.

ಬಡಗಿ ಒಳಗೆ ಹೋಗಿ ಗರಗಸ ತಂದ. ಕಲ್ಲಿನ ಮುಂದೆ ನಿಂತು ಸುಮಾರು ಹೊತ್ತು ನೋಡಿದ. ಅದು ಮರ ಕೊಯ್ಯುವ ಗರಗಸ. ಹಿಂದಕ್ಕೆ ತಿರುಗಿ, ಇನ್ನು ಇಡಿಯಾಗಿ ಆಚೆ ಬಾರದ, ಒಂದು ಮೊಳೆಯೂ ಕಾಣದ ಆ ಬೀರನ್ನು ನಡುವಿಗೆ ಎರಡು ತುಂಡಾಗಿ ಕೊಯ್ಯಲು ಕುಳಿತ.